ಇಬ್ಬರ ಭಾರಕ್ಕೆ ಹದಿನಾರು ಹಲ್ಲು

"ನನ್ನ ಗಾಡಿಗೆ ಏನ್ ಮಾಡಿದ್ರಿ ನೀವು?"

ಹೆಲ್ಮೆಟ್ಟನ್ನು ಮೇಜಿನ ಮೇಲೆ ಕುಕ್ಕಿ ನರ್ಸಮ್ಮ ಅಬ್ಬರಿಸಿದಳು. ನಟ್ಟು ಬೋಲ್ಟುಗಳೆಲ್ಲ ಚೆಲ್ಲಾಪಿಲ್ಲಿ! ಗ್ಯಾರೇಜಿನ ಮೆಕ್ಯಾನಿಕ್ ಊರುಗೋಲು ಹಿಡಿದು ಮೆಲ್ಲಗೆ ಎದ್ದು ನಿಂತ.

ಅವಳ ಕೋಪಕ್ಕೆ ಕಾರಣವಿತ್ತು. ನಾಳೆ ಬೆಳಿಗ್ಗೆ ಅವಳು ಈ ಊರು ಬಿಟ್ಟು, ಬೆಟ್ಟಗಳಾಚೆಯ ಆಸ್ಪತ್ರೆಯ ಕೆಲಸಕ್ಕೆ ಹೊರಟಿದ್ದಳು. ಹೋಗುವುದು ಅಜ್ಜ ಬಿಟ್ಟುಹೋದ ಹಳೇ ಇಂಗ್ಲಿಷ್ ಬೈಕಿನಲ್ಲೇ. 'ಒಬ್ಬಳೇ ಹೋಗ್ತೀನಿ, ಹೈವೇಗೆ ತಕ್ಕ ಹಾಗೆ ಮುಂದೆ ಚೈನ್ ಎಳೆಯೋ ಚಕ್ರ, ಆ ಸ್ಪ್ರಾಕೆಟ್, ಹತ್ತೊಂಬತ್ತು ಹಲ್ಲಿಂದು ಹಾಕಿ' ಎಂದು ಒತ್ತಿ ಒತ್ತಿ ಹೇಳಿದ್ದಳು.

"ಸ್ಪೀಡು ಐವತ್ತು ದಾಟೋದ್ರೊಳಗೆ ಇಂಜಿನ್ ಹೊಯ್ಕೊಳ್ಳುತ್ತೆ! ಎಷ್ಟು ಹಲ್ಲಿಂದು ಹಾಕಿದ್ದೀರಿ?"

"ಹದಿನಾರು."

"ಅದು ಪಕ್ಕದಲ್ಲಿ ಒಂಟಿ ಸೀಟಿನ ಸೈಡ್‌ಕಾರ್ ಕಟ್ಕೊಂಡು ಎಳೆಯೋ ಗಾಡಿಗಲ್ವಾ? ಭಾರ ಎಳೆಯುತ್ತೆ, ಜೋರಾಗಿ ಓಡಲ್ಲ. ಹೆಂಗಸು, ನಿಧಾನಕ್ಕೆ ಹೋಗ್ಲಿ ಅಂತಾನಾ?"

ಅವನು ಬಗ್ಗಿ ಚೆಲ್ಲಿದ ನಟ್ಟುಗಳನ್ನು ಹೆಕ್ಕತೊಡಗಿದ.

ಇದೇ ನೋಡಿ ಈ ಮಹಾನುಭಾವನ ರೋಗ! ಅಪಘಾತದಲ್ಲಿ ಕಾಲಿನ ಜೊತೆ ನಾಲಿಗೆಯೂ ಬಿದ್ದುಹೋಯಿತೇನೋ ಎಂಬಂತೆ ಎರಡು ವರ್ಷದಿಂದ ಮೌನ. ಆಗ ಆಸ್ಪತ್ರೆಯಲ್ಲಿ ಅವನ ಆರೈಕೆ ಮಾಡಿದ್ದು ಇವಳೇ. ಆಮೇಲೆ ಚೈನ್ ಸಡಿಲ, ಬ್ರೇಕ್ ಬಿಗಿ ಎಂದು ಇಲ್ಲದ ನೆಪ ಹುಡುಕಿ ಗ್ಯಾರೇಜಿಗೆ ಎಡತಾಕಿದವಳೂ ಇವಳೇ. ಅವನ ಬಾಯಿಂದ ಒಂದೇ ಒಂದು ಮಾತು... ಊಹೂಂ!

'ಹೋಗಬೇಡ ಅಂತ ಒಂದ್ಸಲ ಅಂದ್ರೆ ಇವನ ಗಂಟೇನು ಹೋಗುತ್ತೆ? ನಾಳೆ ಹೋದ್ರೆ ಮುಗೀತಲ್ಲ...' ಅವಳಿಗೆ ಅಳು ಒತ್ತರಿಸಿ ಬಂತು.

"ಈಗಲೇ ಬಿಚ್ಚಿ ಬದಲಾಯಿಸಿ. ಆಮೇಲೆ ನಿಮ್ಮ ದಾರಿ ನಿಮಗೆ, ನನ್ನ ದಾರಿ ನನಗೆ!"

ಅವನು ಸ್ಪ್ಯಾನರ್ ಎತ್ತಿಕೊಂಡ. ಮರುಕ್ಷಣವೇ ಅದನ್ನು ಮೇಜಿನ ಮೇಲೆ ಇಟ್ಟುಬಿಟ್ಟ.

"ನನ್ ಕೈಲಿ ಆಗಲ್ಲ..." ಎಂದವನೇ ಮೂಲೆಯಲ್ಲಿದ್ದ ಟಾರ್ಪಾಲನ್ನು ಎಳೆದ.

ಹೊಸದಾಗಿ ಬಣ್ಣ ಬಳಿದ ಸೈಡ್‌ಕಾರ್!

"ನೀವು ಹೋಗ್ತೀನಿ ಅಂದ ದಿನದಿಂದ ಇದನ್ನ ಕಟ್ಟಿದೆ. ಇವತ್ತು ಕೇಳ್ತೀನಿ, ನಾಳೆ ಕೇಳ್ತೀನಿ ಅಂತಾನೇ ದಿನ ಕಳೀತು. ಇಬ್ಬರ ಭಾರಕ್ಕೆ ಲೆಕ್ಕ ಹಾಕಿ ಹದಿನಾರು ಕೂರಿಸಿಬಿಟ್ಟೆ. ಹತ್ತೊಂಬತ್ತು ಹಾಕಿದ್ರೆ ನಿಮ್ಮನ್ನ ನಾನೇ ಕಳಿಸಿಕೊಟ್ಟ ಹಾಗಾಗ್ತಿತ್ತು. ಮನಸ್ಸು ಬರಲಿಲ್ಲ."

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಒಟ್ಟಿಗೇ ಬಂದವು.

"ಎರಡು ವರ್ಷ! ಬಾಯಿಗೇನು ಬೀಗ ಹಾಕಿತ್ತಾ?"

"ಕುಂಟ ನಾನು. ನಿಮಗೆ ಹೊರೆ ಆಗ್ತೀನಿ ಅಂತ ಭಯ."

"ಅಯ್ಯೋ ನನ್ನ ದಡ್ಡಪ್ಪಾ! ಈಗಲಾದ್ರೂ ಬಾಯ್ಬಿಟ್ಟು ಕೇಳಿ."

ಅವನು ಊರುಗೋಲನ್ನು ಗೋಡೆಗೆ ಒರಗಿಸಿದ. "ನಿಮ್ಮ ಜೊತೆ... ನಾನೂ ಬರ್ಲಾ?"

"ಎಲ್ಲೀವರೆಗೆ?"

"ನೀವು 'ಇಳೀರಿ' ಅನ್ನೋವರೆಗೆ."

ಗ್ರೀಸು ಮೆತ್ತಿದ ಅವನ ಕೈಯನ್ನು ಅವಳು ಕೆನ್ನೆಗೆ ಒತ್ತಿಕೊಂಡಳು.

"ನಾನು ಅನ್ನಲ್ಲ."