ಕೊಂಢವಾದ ಟಾಕಿ

ಕೊಂಢವಾ ಎಂಬಲ್ಲಿನ ಒಂದು ಕಾರ್ಖಾನೆಯಲ್ಲಿ ನಾವು ಮೆತ್ತನೆಯ ಕಟ್ಟಿಗೆಗೆ ರಾಳ ಕುಡಿಸಿ ಗಟ್ಟಿ ಮಾಡುತ್ತೇವೆ. ಅಡ್ಡ ಮಲಗಿಸಿದ ಉದ್ದನೆಯ ಕಬ್ಬಿಣದ ಟಾಕಿಯಲ್ಲಿ ಹಲಗೆ ತುಂಬಿ, ಬಾಗಿಲು ಬಿಗಿದು, ಒಳಗಿನ ಗಾಳಿಯನ್ನೆಲ್ಲ ಎಳೆದು, ಒತ್ತಡದಿಂದ ರಾಳ ನುಗ್ಗಿಸಬೇಕು. ಆಮೇಲೆ ಆ ಕಟ್ಟಿಗೆ ಉಬ್ಬುವುದಿಲ್ಲ, ಬಾಗುವುದಿಲ್ಲ. ಒಳಗೆ ಮನುಷ್ಯ ಸಿಕ್ಕಿಕೊಂಡರೆ ಉಳಿಯುವುದಿಲ್ಲ. ಅದಕ್ಕೇ ಪಂಪ್ ಹಚ್ಚುವ ಮೊದಲು ಟಾಕಿಗೆ ಸುತ್ತಿಗೆಯಿಂದ ಬಡಿದು ಕೂಗುವ ರೂಢಿಯಿದೆ.

ಅವತ್ತು ಮಧ್ಯಾಹ್ನ ನಮ್ಮ ಜೊತೆ ಕೆಲಸ ಮಾಡುವ ಮಾಂತು ಬಡಿದು, "ಒಳಗ ಯಾರರ ಅದೀರೇನ್ರೋ?" ಎಂದ.

ಒಳಗಿನಿಂದ ಯಾರೋ ತಿರುಗಿ ಬಡಿದರು.

ಮಾಂತು ನಕ್ಕ. "ಸಿದ್ದಾರೂಢಣ್ಣ, ಹೊರಗ ಬಾರೋ, ವೈನಿ ಊಟಕ್ಕ ಕಾಯಾಕತ್ತಾಳ!"

"ನಾ ಇಲ್ಲೇ ಅದೀನಲೇ," ಎಂದರು ನಮ್ಮ ಮೇಸ್ತ್ರಿ ಸಿದ್ದಾರೂಢಣ್ಣ, ನಮ್ಮ ಬೆನ್ನ ಹಿಂದಿನಿಂದ.

ಬಾಗಿಲು ತೆರೆದು ಹಲಗೆಗಳನ್ನೆಲ್ಲ ಹೊರಗೆಳೆದೆವು. ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಏನೂ ಇರಲಿಲ್ಲ. ಬಿಸಿಲಿಗೆ ಕಾದ ಟಾಕಿಯ ಒಳಮೈ ಮಾತ್ರ ತಣ್ಣಗಿತ್ತು. ಮತ್ತೆ ತುಂಬಿ ಬಾಗಿಲು ಬಿಗಿದೆವು. ಈ ಸಲ ಮಾಂತು ಸುತ್ತಿಗೆ ಎತ್ತುವ ಮೊದಲೇ ಒಳಗೆ ಸದ್ದಾಯಿತು.

"ಕಟ್ಟಿಗಿ ಸಿಡ್ಯಾಕತ್ತಾವ. ಹಚ್ಚೋ," ಎಂದರು ಸಿದ್ದಾರೂಢಣ್ಣ.

ನಮ್ಮವರೆಲ್ಲ ಹೊರಗೇ ಇದ್ದಾರೆಯೇ ಎಂದು ಮತ್ತೊಮ್ಮೆ ಒಬ್ಬೊಬ್ಬರ ಮುಖ ನೋಡಿದೆ. ಸ್ವಿಚ್ ಒತ್ತಿದೆ. ಪಂಪಿನ ಗದ್ದಲದಲ್ಲೂ ಬಡಿತ ಕೇಳುತ್ತಿತ್ತು. ಮೊದಲು ಜೋರಾಯಿತು, ಆಮೇಲೆ ನಿಧಾನವಾಯಿತು, ಒತ್ತಡ ತೋರಿಸುವ ಮುಳ್ಳು ಕೊನೆ ಮುಟ್ಟಿದಾಗ ನಿಂತಿತು.

ಮರುದಿನ ಬೆಳಿಗ್ಗೆ ಟಾಕಿ ತೆರೆದೆವು. ಹಲಗೆಗಳೆಲ್ಲ ರಾಳ ಕುಡಿದು ಕಂದು ಬಣ್ಣಕ್ಕೆ ತಿರುಗಿ, ತಣ್ಣಗಾಗಿದ್ದವು. ಬಾಗಿಲ ಬಳಿಯ ಹಲಗೆಯಲ್ಲಿ ಮಾತ್ರ, ಒಬ್ಬರು ಒರಗಿ ಕೂತರೆ ಬೆನ್ನು ತಾಗುವಷ್ಟು ಜಾಗ, ಬೆಳ್ಳಗೆ ಒಣಗಿಯೇ ಉಳಿದಿತ್ತು. ಕೈಯಿಟ್ಟು ನೋಡಿದೆ, ಬೆಚ್ಚಗಿತ್ತು.