ಐದೂವರೆ ಗಂಟೆಯ ತಪ್ಪು

“ಈ ಅಂಕಿ ಸುಳ್ಳು!”

ಯಕ್ಷಿತಾ ಹಾಳೆಯನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಲ್ಯಾಬಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಎದುರಿಗೆ ನಿಂತಿದ್ದವನು ಮಾತ್ರ ಅಲುಗಲಿಲ್ಲ. ಮೊಣಕಾಲಿನವರೆಗೆ ಗಮ್‌ಬೂಟು, ಅದರ ಮೇಲೆ ಒಣಗಿದ ಕೆಸರು. ಕೈಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ರಿಜಿಸ್ಟರ್.

“ಯಾವ ಅಂಕಿರೀ?” ಅವನು ತಣ್ಣಗೆ ಕೇಳಿದ.

“ಜೂನ್ ಇಪ್ಪತ್ತಾರು, ಮಧ್ಯಾಹ್ನ ಎರಡು ಗಂಟೆ. ನೀರಿನ ಮಟ್ಟ ಒಂದು ಮೀಟರ್ ಮೂವತ್ತು ಸೆಂಟಿಮೀಟರ್ ಅಂತ ಬರೆದಿದ್ದೀರಿ. ನನ್ನ ಮಾಡೆಲ್ ಪ್ರಕಾರ ಅಲ್ಲಿ ನಲವತ್ತೈದು ಸೆಂಟಿಮೀಟರ್ ಮಾತ್ರ ಇರಬೇಕು!”

“ನಾನು ಅಲ್ಲೇ ನಿಂತಿದ್ದೆ ಮೇಡಂ. ಎದಿಮಟ ನೀರು.”

“ಎಂಟು ತಿಂಗಳು ಕೂತು ಬರೆದ ಪ್ರೋಗ್ರಾಂ ಇದು. ಗೊತ್ತುಂಟಾ ನಿಮಗೆ?”

ಅವನು ಅವಳ ಕಂಪ್ಯೂಟರನ್ನು ಒಮ್ಮೆ ನೋಡಿದ. ಆಮೇಲೆ ಅವಳನ್ನು.

“ಆ ದಿನ ಇದು ನಾಲಾದಾಗ ಇಳದಿತ್ತೇನ್ರಿ?”

ಯಾರೋ ಕಿಸಕ್ಕನೆ ನಕ್ಕರು. ಯಕ್ಷಿತಾಳ ಕಿವಿ ಬಿಸಿಯಾಯಿತು. ‘ಎಷ್ಟು ಕೊಬ್ಬು ಇವನಿಗೆ!’

ಅವನ ಹೆಸರು ಈಶ್ವರ. ನಾಲಾದ ನೀರು ಅಳೆಯಲು ಯೋಜನೆಗೆ ಸೇರಿಸಿಕೊಂಡಿದ್ದ ಅಲ್ಲಿನ ವಸ್ತಿಯ ಹುಡುಗ. ಇಷ್ಟು ದಿನ ಅವನ ಅಂಕಿಗಳು ವಾಟ್ಸಾಪ್‌ನಲ್ಲಿ ಬರುತ್ತಿದ್ದವು. ಮುಖ ನೋಡಿದ್ದು ಅಂದೇ ಮೊದಲು.

ಗ್ರಾಂಟ್ ರೋಡ್‌ನ ಉಡುಪಿ ಹೋಟೆಲೊಂದರ ಭಟ್ಟರ ಮಗಳು ಯಕ್ಷಿತಾ. ಗಣಿತದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಬಾಂದ್ರಾ ಪೂರ್ವದಲ್ಲಿ ಖಾರಿಗೆ, ಅಂದರೆ ಸಮುದ್ರದ ಹಿನ್ನೀರಿಗೆ ಸೇರುವ ಒಂದು ನಾಲಾ, ಅದರ ದಂಡೆಯ ಜೋಪಡಿಗಳ ವಸ್ತಿ... ಅಷ್ಟು ಜಾಗವನ್ನು ಕಂಪ್ಯೂಟರಿನಲ್ಲಿ ನಲವತ್ತು ಸಾವಿರ ಪುಟ್ಟ ತ್ರಿಕೋನಗಳಾಗಿ ಒಡೆದಿದ್ದಳು. ಮಳೆ ಬಂದಾಗ ಯಾವ ತ್ರಿಕೋನದಿಂದ ಯಾವುದಕ್ಕೆ ಎಷ್ಟು ನೀರು ಹರಿಯುತ್ತದೆ ಎಂದು ಪ್ರತಿ ಸೆಕೆಂಡಿಗೂ ಲೆಕ್ಕ ಹಾಕಬೇಕು. ಲೆಕ್ಕ ಸರಿಯಾದರೆ, ನೀರು ಮನೆಗೆ ನುಗ್ಗುವ ಎರಡು ಗಂಟೆ ಮೊದಲೇ ವಸ್ತಿಯವರನ್ನು ಎಚ್ಚರಿಸಬಹುದು.

ಆದರೆ ಲೆಕ್ಕ ಸರಿಯಾಗುತ್ತಿರಲಿಲ್ಲ!

ನಾಲಾದ ತಳ ಎಷ್ಟು ಒರಟು ಎನ್ನುವ ಅಂಕಿಯನ್ನು ಬದಲಿಸಿ ನೋಡಿದಳು. ಆಗಲಿಲ್ಲ. ತ್ರಿಕೋನಗಳನ್ನು ಇನ್ನೂ ಚಿಕ್ಕದು ಮಾಡಿದಳು. ಪ್ರೋಗ್ರಾಂ ಮೂರು ದಿನ ಓಡಿ, ಕೊನೆಗೆ ಒಂದು ಗಲ್ಲಿಯಲ್ಲಿ ನಾಲ್ಕು ಸಾವಿರ ಮೀಟರ್ ನೀರು ತೋರಿಸಿ ನಿಂತುಬಿಟ್ಟಿತು. ಯಕ್ಷಿತಾ ಮೌಸನ್ನು ಗೋಡೆಗೆ ಎಸೆಯುವುದೊಂದು ಬಾಕಿ.

ಈಶ್ವರ ಪ್ರತಿ ಮಂಗಳವಾರ ರಿಜಿಸ್ಟರ್ ತರುತ್ತಿದ್ದ. ಪ್ರತಿ ಮಂಗಳವಾರ ಜಗಳ.

“ಒಮ್ಮೆ ಬಂದು ನಾಲಾ ನೋಡ್ರಿ ಮೇಡಂ. ಇಲ್ಲಿ ಕುಂತು ಎಷ್ಟು ದಿನ ಅಂತ ಸಿಟ್ಟಾಗ್ತೀರಿ?”

“ನನಗೆ ಟೈಮ್ ಇಲ್ಲ.”

“ಹಂಗಾರ ಈ ತ್ರಿಕೋನ ಅಂದ್ರೇನು, ನನಗರ ಹೇಳ್ರಿ. ಸಿವಿಲ್ ಡಿಪ್ಲೊಮಾ ಮಾಡೀನಿ, ತೀರಾ ದಡ್ಡ ಅಲ್ಲ.”

ಅವಳು ಬೇಸರದಿಂದಲೇ ಶುರು ಮಾಡಿದಳು. ಹಾಳೆಯ ಹಿಂಬದಿಯಲ್ಲಿ ಗೆರೆ ಎಳೆದಳು, ಬಾಣ ಹಾಕಿದಳು. ಅವನು ಗಲ್ಲಕ್ಕೆ ಕೈಕೊಟ್ಟು ಕೇಳಿದ. ಅರ್ಧ ಗಂಟೆಯ ನಂತರ ಒಂದು ತ್ರಿಕೋನದ ಮೇಲೆ ಬೆರಳಿಟ್ಟ.

“ಇಲ್ಲೊಂದು ಗ್ವಾಡಿ ಐತಿ. ಹೋದ ವರ್ಷ ಕಟ್ಟಿದ್ದು. ನಿಮ್ಮ ನೀರು ಗ್ವಾಡಿ ದಾಟಿ ಹೊಂಟೈತಿ.”

ಯಕ್ಷಿತಾ ಬಾಯಿ ಬಿಟ್ಟು ಅವನನ್ನೇ ನೋಡಿದಳು. ಹೌದಲ್ಲ!

ಆ ಗೋಡೆಯನ್ನು ಸೇರಿಸಿದ ಮೇಲೂ ಲೆಕ್ಕ ಪೂರ್ತಿ ಕೂಡಲಿಲ್ಲ. ಆದರೂ ಮಂಗಳವಾರಗಳು ಬದಲಾದವು. ಅವನ ಗಮ್‌ಬೂಟಿನ ಸದ್ದು ಕಾರಿಡಾರಿನಲ್ಲಿ ಕೇಳಿದರೆ ಅವಳ ಕೈ ತಾನಾಗಿಯೇ ಕೂದಲು ಸರಿಮಾಡುತ್ತಿತ್ತು. ಕ್ಯಾಂಟೀನಿನಲ್ಲಿ ಅರ್ಧರ್ಧ ಗ್ಲಾಸಿನ ಎರಡು ಕಟಿಂಗ್ ಚಹಾ. ಅವನು ಕಲಬುರಗಿಯಿಂದ ಗಾರೆ ಕೆಲಸಕ್ಕೆ ಬಂದ ಅವ್ವ ದಾನವ್ವನ ಕಥೆ ಹೇಳುತ್ತಿದ್ದ. ಅವಳು ಅಪ್ಪನ ನೀರುದೋಸೆಯ ಕಥೆ.

‘ಇದೆಂತ ಆಗ್ತಾ ಉಂಟು ನನಗೆ?’ ಎಂದು ಲೋಕಲ್ ಟ್ರೇನಿನ ನೂಕುನುಗ್ಗಲಿನಲ್ಲಿ ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಉತ್ತರ ಗೊತ್ತಿತ್ತು... ಒಪ್ಪಿಕೊಳ್ಳಲು ಮಾತ್ರ ಧೈರ್ಯವಿರಲಿಲ್ಲ.

ಜುಲೈ ಇಪ್ಪತ್ತೈದರಂದು ಮತ್ತೆ ಜೋರು ಮಳೆ. ಮತ್ತೆ ಅದೇ ಗೋಳು! ಈಶ್ವರನ ರಿಜಿಸ್ಟರಿನಲ್ಲಿ ಒಂದು ಮೀಟರ್ ನಲವತ್ತು. ಅವಳ ಮಾಡೆಲ್‌ನಲ್ಲಿ ಐವತ್ತು ಸೆಂಟಿಮೀಟರ್.

ಸಮ್ಮೇಳನಕ್ಕೆ ಪ್ರಬಂಧ ಕಳಿಸಲು ಉಳಿದದ್ದು ನಾಲ್ಕೇ ದಿನ.

ಗೈಡ್ ಪ್ರಧಾನ್ ಮೇಡಂ ಕನ್ನಡಕ ಕೆಳಗಿಳಿಸಿ ಕೇಳಿದರು. “ನಿನ್ನ ಲೆಕ್ಕಕ್ಕೂ ಅಳತೆಗೂ ಇಷ್ಟೊಂದು ಅಂತರ ಯಾಕೆ? ಎರಡರಲ್ಲಿ ಒಂದು ತಪ್ಪಿರಲೇಬೇಕು. ಯಾವುದು?”

ಯಕ್ಷಿತಾ ಮೂರು ವಾರದಿಂದ ಸರಿಯಾಗಿ ಊಟ ಮಾಡಿರಲಿಲ್ಲ. ನೋಡದ ಸಾಲಿಲ್ಲ, ಪರೀಕ್ಷಿಸದ ಸೂತ್ರವಿಲ್ಲ. ಎಲ್ಲ ಸರಿಯಿತ್ತು. ಹಾಗಾದರೆ...

“ಫೀಲ್ಡ್ ಅಳತೆ ನಂಬುವ ಹಾಗಿಲ್ಲ ಮೇಡಂ,” ಎಂದುಬಿಟ್ಟಳು. “ಅಷ್ಟು ಮಳೆಯಲ್ಲಿ ಕಾಲು ಗಂಟೆಗೊಮ್ಮೆ ಯಾರು ಹೊರಗೆ ನಿಲ್ತಾರೆ? ಮನೆಯಲ್ಲೇ ಕೂತು ಅಂದಾಜಿಗೆ ಬರೆದಿರಬಹುದು.”

“ಇದನ್ನು ಬರೆದು ಕೊಡ್ತೀಯಾ?”

ಒಂದು ಕ್ಷಣ ಅವನ ಮುಖ ಕಣ್ಣೆದುರು ಬಂತು. ಅವಳು ಅದನ್ನು ಪಕ್ಕಕ್ಕೆ ಸರಿಸಿ ಇಮೇಲ್ ಬರೆದಳು.

ಎರಡೇ ದಿನದಲ್ಲಿ ಈಶ್ವರನನ್ನು ಯೋಜನೆಯಿಂದ ತೆಗೆದುಹಾಕಿದರು. ಅವನ ಅಳತೆಗಳನ್ನು ಬದಿಗಿಟ್ಟು, ಬರಿಯ ಮಾಡೆಲ್ ಮೇಲೆ ಬರೆದ ಪ್ರಬಂಧ ಹೊರಟುಹೋಯಿತು.

ಅವನು ರಿಜಿಸ್ಟರ್ ಒಪ್ಪಿಸಲು ಬಂದಾಗ ಲ್ಯಾಬಿನಲ್ಲಿ ಅವಳೊಬ್ಬಳೇ ಇದ್ದಳು.

“ಮೇಡಂ, ನೀವ ಬರದದ್ದೇನ್ರಿ ಅದು?”

ಅವಳು ಸ್ಕ್ರೀನಿನಿಂದ ಕಣ್ಣು ಕೀಳಲಿಲ್ಲ. “ಅಂಕಿಗಳು ಕೂಡ್ತಾ ಇಲ್ಲ ಈಶ್ವರ... ನಾನೆಂತ ಮಾಡಲಿ?”

“ನನ್ನ ಮುಂದ ಕುಂದರಿಸಿಕೊಂಡು ಒಂದು ಮಾತು ಕೇಳಬೇಕಿತ್ತು. ಸುಳ್ಳು ಬರದಿಯೇನು ಅಂತ ಬಾಯಿಬಿಟ್ಟು ಕೇಳಿದ್ರ, ಅಷ್ಟು ಬ್ಯಾಸರ ಆಗತಿದ್ದಿಲ್ಲ.”

ರಿಜಿಸ್ಟರ್ ಇಟ್ಟು ಹೊರಟ. ಅವನು ಬಾಗಿಲು ಬಡಿಯಲಿಲ್ಲ. ಬಡಿದಿದ್ದರೇ ಚೆನ್ನಾಗಿತ್ತು ಎನಿಸಿತು ಅವಳಿಗೆ.

ಮುಂದಿನ ಮಂಗಳವಾರ ಯಾರೂ ಬರಲಿಲ್ಲ. ಅದರ ಮುಂದಿನ ಮಂಗಳವಾರವೂ. ಯಕ್ಷಿತಾ ಎಲ್ಲರ ಮೇಲೂ ರೇಗಾಡಿದಳು. ಅಮ್ಮನ ಮೇಲೆ, ಕಂಪ್ಯೂಟರಿನ ಮೇಲೆ, ತಡವಾಗಿ ಬರುವ ಟ್ರೇನಿನ ಮೇಲೆ. ಅಳತೆಗೆ ಬೇರೆ ಯಾರೂ ಸಿಗಲಿಲ್ಲ. “ಸ್ವಲ್ಪ ದಿನ ನೀನೇ ಹೋಗು,” ಎಂದರು ಮೇಡಂ.

ಆಗಸ್ಟ್ ಕೊನೆಯ ವಾರ. ಎರಡು ದಿನದಿಂದ ಒಂದು ಹನಿಯೂ ಬಿದ್ದಿರಲಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಯಕ್ಷಿತಾ ಮೊದಲ ಬಾರಿಗೆ ನಾಲಾದ ದಂಡೆಯಲ್ಲಿ ನಿಂತಳು. ಮೂಗು ಮುಚ್ಚಿಕೊಂಡು ಅಳತೆಕೋಲನ್ನು ನೋಡಿದಳು.

ಎಂಬತ್ತು ಸೆಂಟಿಮೀಟರ್.

ಇದು ಹೇಗೆ? ಮಳೆಯೇ ಇಲ್ಲ!

ನೋಡುತ್ತಿದ್ದಂತೆ ಒಂದು ಪ್ಲಾಸ್ಟಿಕ್ ಬಾಟಲಿ ತೇಲಿ ಬಂತು. ಖಾರಿಯ ಕಡೆಯಿಂದ... ವಸ್ತಿಯ ಕಡೆಗೆ. ನೀರು ಹಿಂದಕ್ಕೆ ಹರಿಯುತ್ತಿತ್ತು!

“ಯಾಕವಾ, ಹಂಗ್ಯಾಕ ನಿಂತಿ? ಬಿದ್ದಗಿದ್ದಿ!”

ಮನೆಯ ಹೊಸ್ತಿಲಲ್ಲಿ ಕುಳಿತ ಮುದುಕಿಯೊಬ್ಬಳು ಜೋಳ ಹಸನು ಮಾಡುತ್ತಿದ್ದಳು.

“ಅಜ್ಜಿ, ಈ ನೀರು ಯಾಕೆ ಹೀಗೆ ಉಲ್ಟಾ ಬರ್ತಾ ಉಂಟು?”

“ಭರತಿ ಬಂದೈತಲ್ಲ, ಸಮುದ್ರದ ಭರತಿ! ಈ ಹೊತ್ತಿಗೆ ನೀರು ತುಂಬತೈತಿ. ಇದರಾಗ ಮಳಿ ಬಂದ್ರ ಎಲ್ಲಿಗೆ ಹೋಗಬೇಕು ಅದು? ನಮ್ಮ ಮನಿಗೇ.”

‘ಉಬ್ಬರವಾ? ಈಗ?’ ಯಕ್ಷಿತಾ ಗಡಿಬಿಡಿಯಿಂದ ಮೊಬೈಲಿನಲ್ಲಿ ತನ್ನ ಫೈಲ್ ತೆರೆದಳು. ಸಮುದ್ರದ ಮಟ್ಟದ ಅಂಕಿಗಳನ್ನು ಅವಳು ಒಂದು ವಿದೇಶಿ ವೆಬ್‌ಸೈಟಿನಿಂದ ಇಳಿಸಿಕೊಂಡಿದ್ದಳು. ಆ ದಿನದ ಉಬ್ಬರ ಬೆಳಿಗ್ಗೆ ಏಳೂವರೆಗೆ. ಅಂದರೆ ಮಧ್ಯಾಹ್ನ ಒಂದಕ್ಕೆ ನೀರು ಇಳಿಯುತ್ತಿರಬೇಕಿತ್ತು...

ಏಳೂವರೆ... ಒಂದು ಗಂಟೆ...

ಐದೂವರೆ ಗಂಟೆ!

ಫೈಲಿನ ಮೇಲ್ತುದಿಗೆ ಹೋದಳು. ಒಮ್ಮೆಯೂ ಓದದ ಮೊದಲ ಸಾಲು ಅಲ್ಲೇ ಇತ್ತು: ಎಲ್ಲ ಸಮಯಗಳು ಗ್ರೀನಿಚ್ ಸಮಯ. ಭಾರತದ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅವಳ ಕಂಪ್ಯೂಟರಿನಲ್ಲಿ ಸಮುದ್ರ ಇಳಿದು ಮಳೆನೀರಿಗೆ ದಾರಿ ಬಿಡುತ್ತಿದ್ದ ಹೊತ್ತಿನಲ್ಲಿ, ಇಲ್ಲಿ ಸಮುದ್ರವೇ ಏರಿ ಬಂದು ಬಾಗಿಲು ಮುಚ್ಚುತ್ತಿತ್ತು.

ಅವನು ಬರೆದ ಒಂದೊಂದು ಅಂಕಿಯೂ ನಿಜ.

“ನನ್ನ ಮಗಾ ಇದನ್ನ ಅಳೀತಿದ್ದ ನೋಡು,” ಮುದುಕಿ ಹೇಳುತ್ತಲೇ ಇದ್ದಳು. “ಹೋದ ತಿಂಗಳ ಮಳ್ಯಾಗ ಮನಿಯೊಳಗ ನೀರು ಬಂತು. ನನ್ನ ಅಟ್ಟದ ಮ್ಯಾಲ ಕುಂದರಿಸಿ, ತಾನು ಹೊರಗ ಹೋಗಿ ನಿಂತ. ಬ್ಯಾಡೋ ಅಂದೆ. ‘ಆಕಿ ಮೂರು ವಾರದಿಂದ ಊಟ ಬಿಟ್ಟು ಲೆಕ್ಕ ಮಾಡಾಕ ಹತ್ಯಾಳವ್ವಾ, ಈ ಅಂಕಿ ಸಿಕ್ರ ಆಕಿಗೆ ಅನುಕೂಲ ಆಗತೈತಿ’ ಅಂದ. ಕಡೀಕ ಆ ಓದಿದಾಕೀನ ಇವನ್ನ ಸುಳ್ಳ ಅಂದ್ಳಂತ!”

ದಾನವ್ವ... ಈಶ್ವರನ ತಾಯಿ!

ಯಕ್ಷಿತಾಳ ಕಣ್ಣಿಂದ ನೀರು ಇಳಿಯಿತು. ಸುಮ್ಮನೆ ಹೊರಟು ಹೋಗಬಹುದಿತ್ತು. ಆದರೆ ಕಾಲು ಬರಲಿಲ್ಲ.

“ಅವ್ವಾ... ಅದು ನಾನೇ.”

ಜೋಳ ಆರಿಸುತ್ತಿದ್ದ ಕೈ ನಿಂತಿತು. ದಾನವ್ವ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬೈಯಲಿಲ್ಲ.

“ನನ್ನ ಮುಂದ ಯಾಕ ಅಳ್ತಿ? ಅವನ ಮುಂದ ಹೇಳು ಹೋಗು,” ಎಂದಳು, ಜೋಳವನ್ನು ಪಕ್ಕಕ್ಕೆ ಸರಿಸಿ. “ದಾದರ್‌ದಾಗ ಕೆಲಸಾ ಹಿಡದಾನ. ಹೊಸಾ ಬಿಲ್ಡಿಂಗಿನ ಸರ್ವೇ.”

ಲ್ಯಾಬಿಗೆ ಮರಳಿದವಳು ಸಮಯವನ್ನು ಐದೂವರೆ ಗಂಟೆ ಮುಂದೂಡಿ ಪ್ರೋಗ್ರಾಂ ಓಡಿಸಿದಳು. ಮರುದಿನ ಬೆಳಿಗ್ಗೆ ಉತ್ತರ ಸಿದ್ಧವಾಗಿತ್ತು. ಜೂನ್ ಇಪ್ಪತ್ತಾರು: ಒಂದು ಮೀಟರ್ ಇಪ್ಪತ್ತೇಳು. ಜುಲೈ ಇಪ್ಪತ್ತೈದು: ಒಂದು ಮೀಟರ್ ಮೂವತ್ತೆಂಟು.

ಎಷ್ಟೋ ತಿಂಗಳಿಂದ ಈ ಗಳಿಗೆಗಾಗಿ ಕಾದಿದ್ದಳು. ಕುಣಿಯಬೇಕಿತ್ತು. ಮೇಜಿಗೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

ಅತ್ತು ಮುಗಿಸಿ ಪ್ರಧಾನ್ ಮೇಡಂ ಕೋಣೆಗೆ ಹೋದಳು. “ತಪ್ಪು ನನ್ನದು ಮೇಡಂ. ಪ್ರಬಂಧ ವಾಪಸ್ ತಗೊಳ್ತೇನೆ.”

“ವಾಪಸ್ ತಗೊಂಡರೆ ಈ ವರ್ಷದ ಅವಕಾಶ ಹೋಯಿತು. ಗೊತ್ತಲ್ಲ?”

“ಗೊತ್ತುಂಟು.”

ಅಂದೇ ಈಶ್ವರನೂ ಸೇರಿ ಯೋಜನೆಯ ಎಲ್ಲರಿಗೂ ಇಮೇಲ್ ಕಳಿಸಿದಳು. ಯಾವ ಸಾಲು ಓದಲಿಲ್ಲ, ಯಾರ ಮೇಲೆ ಆರೋಪ ಹೊರಿಸಿದೆ, ಯಾರು ಸರಿಯಿದ್ದರು... ಒಂದನ್ನೂ ಮುಚ್ಚಿಡಲಿಲ್ಲ.

ಮೇಡಂ ಅದನ್ನು ಓದಿ ಹೇಳಿದರು. “ಈಶ್ವರನಿಗೆ ನಾನೂ ಪತ್ರ ಬರೀತೇನೆ. ಅವತ್ತು ನಾನೂ ಅವನನ್ನು ಕರೆದು ಕೇಳಬೇಕಿತ್ತು. ವಾಪಸ್ ಬರೋದು, ಬಿಡೋದು ಅವನಿಷ್ಟ.”

ಈಶ್ವರ ಫೋನ್ ಎತ್ತಲಿಲ್ಲ. ಮೆಸೇಜಿಗೆ ಉತ್ತರವಿಲ್ಲ. ಮನೆಗೇ ಹೋಗಿ ಅವ್ವನ ಎದುರು ಅವನನ್ನು ಮುಜುಗರಕ್ಕೆ ಸಿಲುಕಿಸಲು ಮನಸ್ಸಾಗಲಿಲ್ಲ. ಮೂರು ಸಂಜೆ ಅವಳು ದಾದರ್ ಸ್ಟೇಷನ್ನಿನ ಸೇತುವೆಯ ಮೇಲೆ ನಿಂತಳು. ಸಾವಿರಾರು ಮುಖಗಳು ಹಾದುಹೋದವು. ಬೇಕಾದ ಒಂದು ಮುಖ ಕಾಣಲಿಲ್ಲ. ‘ಇಷ್ಟು ದೊಡ್ಡ ಊರು ಯಾಕಾದರೂ ಉಂಟೋ!’ ಎಂದು ಹಲ್ಲು ಕಚ್ಚಿದಳು.

ನಾಲ್ಕನೇ ಸಂಜೆ ಹೂವಿನ ಮಾರ್ಕೆಟ್ ಕಡೆಯ ಮೆಟ್ಟಿಲಲ್ಲಿ ಅವನು ಏರಿ ಬರುತ್ತಿದ್ದ. ಹೆಗಲ ಮೇಲೆ ಸರ್ವೇ ಉಪಕರಣದ ಮೂರು ಕಾಲಿನ ಸ್ಟ್ಯಾಂಡು.

“ಈಶ್ವರ!”

ಅವನು ನಿಂತ. ಹಿಂದಿನವರು ಬೈಯುತ್ತಾ ದಾಟಿದರು.

“ಇಮೇಲ್ ಓದೀನ್ರಿ,” ಅಂದ. “ಮೇಡಂ ಪತ್ರಾನೂ ಬಂದೈತಿ. ಲೆಕ್ಕ ಕೂಡಿತಂತಲ್ಲ, ಚಲೋ ಆತು. ನಾ ಬರ್ತೀನಿ, ಗಾಡಿ ಬಂತು.”

“ನಿಲ್ಲಿ ಮಾರಾಯ್ರೆ! ಲೆಕ್ಕದ ವಿಷಯ ಹೇಳ್ಲಿಕ್ಕೆ ಬಂದದ್ದಲ್ಲ ನಾನು.”

“ಮತ್ತ?”

“ನಾನು ಮಾಡಿದ್ದು ದೊಡ್ಡ ತಪ್ಪು. ಸಾರಿ ಅಂದ್ರೆ ಸಾಕಾಗೋದಿಲ್ಲ, ಗೊತ್ತುಂಟು. ನೀವು ಎಷ್ಟು ಬೇಕಾದ್ರೂ ಬೈಯಿರಿ... ಕೇಳಿಸಿಕೊಳ್ತೇನೆ.”

ಈಶ್ವರನ ದವಡೆ ಬಿಗಿಯಿತು. “ಸಿಟ್ಟು ಬಂದೈತ್ರಿ. ಇನ್ನೂ ಐತಿ. ಬ್ಯಾರೆ ಯಾರರ ಅಂದಿದ್ರ ಬಿಟ್ಟಬಿಡತಿದ್ದೆ. ನೀವಂದ್ರಿ... ಅದ ಹೊಟ್ಟ್ಯಾಗ ಚುಚ್ಚತೈತಿ.”

“ನಾನಂದ್ರೆ ಯಾಕೆ ಅಷ್ಟು?”

ಕೆಳಗೆ ಅವನ ಟ್ರೇನ್ ಬಂದು ನಿಂತಿತು. ಅವನು ಅದರ ಕಡೆ ನೋಡಲೇ ಇಲ್ಲ.

“ಹಾಗಾದ್ರೆ ನಾನೇ ಮೊದಲು ಹೇಳ್ತೇನೆ,” ಯಕ್ಷಿತಾ ಉಸಿರು ಎಳೆದುಕೊಂಡಳು. ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. “ನೀವು ಬರದೆ ನನಗೆ ಒಂದು ಕೆಲಸವೂ ನೆಟ್ಟಗೆ ಆಗ್ತಾ ಇಲ್ಲ. ಮಾಡೆಲ್‌ಗೆ ಬೇರೆ ಯಾರಾದ್ರೂ ಸಿಗಬಹುದು. ನನಗೆ ಬೇರೆ ಯಾರೂ ಬೇಡ. ನೀವಂದ್ರೆ ನನಗೆ ತುಂಬಾ ಇಷ್ಟ ಈಶ್ವರ.”

ಟ್ರೇನ್ ಹೊರಟುಹೋಯಿತು. ಅವನು ಹೆಗಲ ಸ್ಟ್ಯಾಂಡನ್ನು ಮೆಲ್ಲಗೆ ಕೆಳಗಿಳಿಸಿ ಗೋಡೆಗೆ ಆನಿಸಿದ.

“ಅವ್ವ ಹೇಳಿದ್ಳು,” ಅಂದ, ದನಿ ಮೆತ್ತಗಾಗಿತ್ತು. “ಆ ಹುಡುಗಿ ತಾನಾಗೇ ಒಪ್ಪಿಕೊಂಡ್ಳು, ಓಡಿ ಹೋಗಲಿಲ್ಲ ಅಂತ. ಅಂದಿನಿಂದ ಸಿಟ್ಟು ಮಾಡಬೇಕಂದ್ರೂ ಪೂರಾ ಬರವಲ್ದು.”

“ಹಾಗಾದ್ರೆ...?”

“ನನಗೂ ಇಷ್ಟರೀ. ಭಾಳ ಇಷ್ಟ.”

ಅಳುವಿನ ನಡುವೆಯೇ ಅವಳಿಗೆ ನಗು ಬಂತು. “ಇಷ್ಟ ಅಂತ ಹೇಳುವಾಗಲೂ ‘ರೀ’ ಅಂತಾರಾ ಯಾರಾದ್ರೂ?”

“ರೂಢಿ ಆಗೇತ್ರಿ,” ಎಂದ ಈಶ್ವರ, ಅವಳ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಳ್ಳುತ್ತಾ. “ಬಿಡಿಸೂದು ಇನ್ನ ನಿನ್ನ ಕೆಲಸ.”