ಕಾಯುವ ಅವಧಿ: ಏಳು ದಿನ

“ನಿಮ್ಮ ಪಾಸ್‌ವರ್ಡ್ ಏನು ಅಂತ ನಾನು ಕೇಳಲ್ಲ. ಆದ್ರೆ ಅಂಗಡಿ ಹೆಸರು ಬರೆದು ಮುಂದೆ ಒಂದು, ಎರಡು, ಮೂರು ಅಂತ ಹಾಕಿರೋರು ಇದ್ರೆ ಕೈ ಎತ್ತಿ.”

ಗ್ರಂಥಾಲಯದ ಮಹಡಿ ಮೇಲಿನ ಕೋಣೆಯಲ್ಲಿ ಹದಿನೆಂಟು ಜನರಿದ್ದರು. ಒಂದು ಕೈಯೂ ಮೇಲೇಳಲಿಲ್ಲ. ಮೂರನೇ ಸಾಲಿನಲ್ಲಿ ಕುಳಿತಿದ್ದವಳ ಕಿವಿ ಮಾತ್ರ ಕೆಂಪಗಾಯಿತು.

ಪಾಠ ಮಾಡುತ್ತಿದ್ದವನಿಗೆ ಅದು ಕಂಡುಬಿಟ್ಟಿತು. ಕಂಡದ್ದನ್ನು ಕಾಣದ ಹಾಗೆ ಇರುವ ಬುದ್ಧಿ ಅವನಿಗಿರಲಿಲ್ಲ. ಮೂರನೇ ಸಾಲಲ್ಲಿ ಒಬ್ಬರಿದ್ದಾರೆ ಅನ್ನಿಸುತ್ತೆ ಎಂದ. ಎಲ್ಲರೂ ನಕ್ಕರು.

ಅವಳು ಎದ್ದು ನಿಂತಳು.

“ಹೌದು, ನಾನೇ. ಹನ್ನೊಂದು ವರ್ಷದಿಂದ ಅದೇ ಇದೆ, ಒಬ್ಬ ಕಳ್ಳನೂ ಬಂದಿಲ್ಲ. ಈಗ ಇಷ್ಟು ಜನಕ್ಕೆ ನೀವೇ ಹೇಳಿದ್ರಲ್ಲ, ಇನ್ನು ಬರ್ತಾರೆ ಬಿಡಿ.”

ನಗು ಈಗ ಅವನ ಕಡೆ ತಿರುಗಿತು. ಗ್ರಂಥಾಲಯದ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಆ ಮನುಷ್ಯ, ಎಷ್ಟೋ ಸಲ ಮಾಡಿದ ಪಾಠದ ನಡುವೆ ಮೊದಲ ಸಲ ತಡವರಿಸಿದ. ತರಗತಿ ಮುಗಿದ ಮೇಲೆ ಮೆಟ್ಟಿಲವರೆಗೂ ಓಡಿಬಂದು ಕ್ಷಮೆ ಕೇಳಿದ. ಅವಳು ಕ್ಷಮಿಸಲಿಲ್ಲ. ಅದರ ಬದಲು ಒಂದು ಕೆಲಸ ಹೇಳಿದಳು. ಅವಳ ರೀತಿಯೇ ಹಾಗೆ, ಸಿಟ್ಟು ಬರಿಸಿದವರಿಗೆ ಕೆಲಸ ಹಚ್ಚುವುದು.

ಅವಳದು ಹೊಲಿಗೆ ಯಂತ್ರ ರಿಪೇರಿಯ ಅಂಗಡಿ. ಅಪ್ಪನಿಂದ ಬಂದ ಕಸುಬು. ಅಪ್ಪ ಈಗಲೂ ಅಂಗಡಿಯಲ್ಲೇ ಕೂರುತ್ತಾರೆ. ಆದರೆ ಗಂಟಲಿನ ಆಪರೇಷನ್ ಆದ ಮೇಲೆ ಅವರ ದನಿ ಹೋಗಿಬಿಟ್ಟಿದೆ. ಎದುರಿಗಿದ್ದವರಿಗೆ ಸ್ಲೇಟಿನ ಮೇಲೆ ಬರೆದು ತೋರಿಸುತ್ತಾರೆ. ದೂರದವರ ಜೊತೆ ಮಾತೆಲ್ಲ ಒಂದು ಆನ್‌ಲೈನ್ ವೇದಿಕೆಯಲ್ಲಿ.

ಆ ವೇದಿಕೆ, ಹೊಲಿಗೆ ಯಂತ್ರದವರಿಗೆಂದೇ ಅಪ್ಪ ಹನ್ನೊಂದು ವರ್ಷದ ಹಿಂದೆ ಇಂಟರ್‌ನೆಟ್ಟಿನಲ್ಲಿ ಶುರುಮಾಡಿದ್ದು. ಎಲ್ಲಿಂದಲೋ ಯಾರೋ ‘ಕೆಳಗಿನ ದಾರ ಗಂಟಾಗುತ್ತಿದೆ, ಏನು ಮಾಡಲಿ’ ಎಂದು ಕೇಳುತ್ತಾರೆ. ಅಪ್ಪ ಉತ್ತರ ಬರೆಯುತ್ತಾರೆ, ಉತ್ತರದ ಜೊತೆಗೆ ಒಂದು ತಮಾಷೆ, ಒಂದು ಬೈಗುಳ. ನಾಲ್ಕು ಸಾವಿರ ಸದಸ್ಯರಿದ್ದಾರೆ. ಅಪ್ಪ ಇನ್ನೂ ಅಪ್ಪನ ಹಾಗೆ ಮಾತಾಡುವುದು ಅಲ್ಲಿ ಮಾತ್ರ.

ಆ ವೇದಿಕೆಗೆ ಜಾಹೀರಾತಿನವರು ನುಗ್ಗಿ ಗಲೀಜು ಮಾಡುತ್ತಿದ್ದರು. ಅದನ್ನು ಸರಿಮಾಡಿಕೊಡಬೇಕು, ಇದೇ ಅವಳು ಹೇಳಿದ ಕೆಲಸ.

ಅವನು ಬಂದ. ಮುಂದಿನ ವಾರವೂ ಬಂದ. ಕೆಲಸ ಮುಗಿದ ಮೇಲೂ ಬಂದ.

ಅವಳಿಗೆ ಪಾಸ್‌ವರ್ಡ್ ಮ್ಯಾನೇಜರ್ ಹಾಕಿಕೊಟ್ಟ. ಇರುವ ಪಾಸ್‌ವರ್ಡ್‌ಗಳನ್ನೆಲ್ಲ ಒಂದು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವ ತಂತ್ರಾಂಶ ಅದು. ಪೆಟ್ಟಿಗೆ ತೆರೆಯಲು ಒಂದಕ್ಕೊಂದು ತಾಳಮೇಳವಿಲ್ಲದ ಐದು ಪದ ಆರಿಸಿ, ಅಷ್ಟು ನೆನಪಿಟ್ಟುಕೊಂಡರೆ ಸಾಕು ಎಂದ. ಅವಳು ಆರಿಸಿದಳು. ಅಪ್ಪನಿಗೆ ಇದು ಒಳ್ಳೆಯ ಆಟವಾಯಿತು. ದಿನಾ ಬೆಳಿಗ್ಗೆ ಮೇಷ್ಟರ ಹಾಗೆ ಸ್ಲೇಟು ಮುಂದೆ ಹಿಡಿಯುವರು. ಅವಳು ಐದೂ ಪದ ಬರೆದು ಒಪ್ಪಿಸಬೇಕು, ತಪ್ಪಿದರೆ ಚಹಾ ಇಲ್ಲ.

ವೇದಿಕೆಯಲ್ಲಿ ಅವಳು ‘ಸೂಜಿ’, ಅವನು ‘ಕಾವಲುಗಾರ’. ಸದಸ್ಯರ ಜಗಳ ಬಿಡಿಸುವುದು ಅವಳ ಪಾಲು, ತಂತ್ರಾಂಶ ನೋಡಿಕೊಳ್ಳುವುದು ಅವನ ಪಾಲು. ಹಗಲೆಲ್ಲ ಅಲ್ಲೇ ಒಬ್ಬರಿಗೊಬ್ಬರು ಪತ್ರ ಬರೆದುಕೊಳ್ಳುವರು. ಫೋನಿನಲ್ಲಿ ಮಾತು ಬಾರದ ಅವನು ಪತ್ರದಲ್ಲಿ ವಾಚಾಳಿ. ಅಪ್ಪ ಅವನನ್ನು ‘ಕಾವಲಪ್ಪ’ ಎಂದು ಕರೆದರು, ಅಂದರೆ ಬರೆದರು.

ಒಂದು ದಿನ ಅವನು ತನ್ನ ಪೆಟ್ಟಿಗೆಯಲ್ಲಿ ‘ಆಪತ್ತಿಗೆ ನಂಬಿದವರು’ ಎಂಬ ಕಡೆ ಅವಳನ್ನು ಸೇರಿಸಿದ.

“ನಂಗೇನಾದ್ರೂ ಆದ್ರೆ ವೇದಿಕೆ ನಿಲ್ಲಬಾರದು. ನೀವು ಕೇಳಿದ ತಕ್ಷಣ ನಂಗೆ ಸುದ್ದಿ ಬರತ್ತೆ. ಏಳು ದಿನದಲ್ಲಿ ನಾನು ಬೇಡ ಅನ್ನದೆ ಇದ್ರೆ, ಪೆಟ್ಟಿಗೆ ತಾನಾಗೇ ನಿಮಗೆ ತೆರೆಯತ್ತೆ.”

“ಏಳು ದಿನ ಯಾಕೆ?”

“ಸುಮ್ಮನೆ ಕೇಳೋರು ಅಷ್ಟು ದಿನ ಕಾಯಲ್ಲ.”

ಅವಳು ತಲೆ ಬಗ್ಗಿಸಿ, ಆಗಲೇ ಬಿಗಿಯಾಗಿದ್ದ ಸ್ಕ್ರೂ ಒಂದನ್ನು ಮತ್ತೆ ಬಿಗಿ ಮಾಡಿದಳು. ಇಷ್ಟು ದೊಡ್ಡ ಜಗತ್ತಿನಲ್ಲಿ ಆಪತ್ತಿಗೆ ಇವನಿಗೆ ನೆನಪಾದದ್ದು ನಾನಾ?

ಇಷ್ಟೆಲ್ಲ ಸರಿಯಾಗಿತ್ತು. ಆಮೇಲೆ ಒಂದು ಜಗಳವಾಯಿತು.

ಇಬ್ಬರು ಸದಸ್ಯರು ಹೀನಾಮಾನ ಬೈದುಕೊಳ್ಳುತ್ತಿದ್ದ ಚರ್ಚೆಯೊಂದನ್ನು ಅವನು ಅವಳನ್ನು ಕೇಳದೆ ಮುಚ್ಚಿದ. ಅದು ತನ್ನ ಪಾಲಿನ ಕೆಲಸ ಎಂದು ಅವಳಿಗೆ ಉರಿಯಿತು. ಎಲ್ಲ ಸದಸ್ಯರಿಗೂ ಕಾಣುವ ಹಾಗೆ ಬರೆದುಬಿಟ್ಟಳು: ‘ಇದು ನಮ್ಮಪ್ಪನ ವೇದಿಕೆ. ನಿಮ್ಮದಲ್ಲ.’

ಮರುದಿನ ಬೆಳಿಗ್ಗೆ ಅವಳು ರಿಪೇರಿಗೆ ಬಂದ ಹಳೆಯ ಯಂತ್ರದ ಫೋಟೋ ಒಂದನ್ನು ವೇದಿಕೆಗೆ ಹಾಕಿ, ಚಹಾ ಕುಡಿದು ಬಂದು ನೋಡುತ್ತಾಳೆ, ಫೋಟೋ ಇಲ್ಲ. ಒಳಗೆ ಹೋಗಲು ನೋಡಿದರೆ ಒಂದೇ ಸಾಲು: ‘ನಿಮ್ಮ ಖಾತೆಯನ್ನು ತಡೆಹಿಡಿಯಲಾಗಿದೆ. ಕಾವಲುಗಾರ.’

ಓಹೋ... ಹೀಗಾ ಸೇಡು ತೀರಿಸಿಕೊಳ್ಳುವುದು? ನಮ್ಮ ಮನೆಯಿಂದ ನನ್ನನ್ನೇ ಕತ್ತು ಹಿಡಿದು ದಬ್ಬುವುದಾ?

ಫೋನ್ ಎತ್ತಿಕೊಂಡು ಅವನ ನಂಬರನ್ನು ಬ್ಲಾಕ್ ಮಾಡಿದಳು. ಅಪ್ಪನಿಗೆ ಏನೂ ಹೇಳಲಿಲ್ಲ. ಅವರು ವೇದಿಕೆಯಲ್ಲಿ ತಮ್ಮ ಪಾಡಿಗೆ ಬೈಯುತ್ತಾ ನಗಿಸುತ್ತಾ ಇದ್ದರು. ಅವಳು ಹೊರಗಿನವಳ ಹಾಗೆ ಓದುತ್ತಿದ್ದಳು.

ಅವನು ಬರುತ್ತಾನೆ, ಬಾಗಿಲಲ್ಲಿ ನಿಂತು ತಡವರಿಸುತ್ತಾನೆ ಎಂದುಕೊಂಡಿದ್ದಳು. ಬರಲಿಲ್ಲ. ಎರಡು ವಾರವಾದ ಮೇಲೆ ತಡೆಯಲಾರದೆ ಗ್ರಂಥಾಲಯಕ್ಕೆ ಹೋದಳು, ಪುಸ್ತಕ ಬೇಕೆಂಬ ನೆಪ ಹೇಳಿಕೊಂಡು. ಅವನು ತಾನೇ ಕೇಳಿಕೊಂಡು ನಗರದ ಆ ತುದಿಯ ಶಾಖೆಗೆ ಹೋಗಿದ್ದಾನೆಂದು ಅಲ್ಲಿಯವರು ಹೇಳಿದರು. ಬೇಡದ ಪುಸ್ತಕ ಒಂದನ್ನು ಎದೆಗೆ ಒತ್ತಿಕೊಂಡು ವಾಪಸ್ಸು ಬಂದಳು. ಆ ದಿನ ಅತ್ತಳು. ಪ್ರೀತಿಸಿದ್ದೆ ಎಂದು ಅವಳಿಗೆ ಖಾತ್ರಿಯಾದದ್ದು ಆ ಅಳುವಿನಲ್ಲಿ.

ಖಾತೆ ನಿಂತ ಮೇಲೆ ಮೂವತ್ತಮೂರನೇ ದಿನ, ವೇದಿಕೆಯ ಮೊದಲ ಪುಟದಲ್ಲಿ ಒಂದು ಸೂಚನೆ ಬಂತು. ವೇದಿಕೆಗೆ ಜಾಗ ಕೊಟ್ಟಿದ್ದ ಕಂಪನಿ ತನ್ನ ಹಳೆಯ ಕಂಪ್ಯೂಟರ್‌ಗಳನ್ನು ಇನ್ನು ಹತ್ತು ದಿನಕ್ಕೆ, ಭಾನುವಾರ, ನಿಲ್ಲಿಸಲಿದೆ. ಅಷ್ಟರೊಳಗೆ ಬೇರೆ ಕಡೆ ಸಾಗಿಸದಿದ್ದರೆ ಎಲ್ಲವೂ ಅಳಿಸಿಹೋಗುತ್ತದೆ.

ಎಲ್ಲವೂ ಅಂದರೆ ಅಪ್ಪನ ಹನ್ನೊಂದು ವರ್ಷದ ಮಾತು.

ಅಪ್ಪ ಸ್ಲೇಟಿನಲ್ಲಿ ಬರೆದು ಹಿಡಿದರು: ‘ಕಾವಲಪ್ಪ ನೋಡ್ಕೋತಾನೆ ತಾನೆ?’ ಅವಳು ಹೌದೆಂದು ತಲೆಯಾಡಿಸಿದಳು. ಸುಳ್ಳು ಹೇಳಲು ಬಾಯಿ ಬೇಕಿಲ್ಲ ಎಂಬುದು ಅವತ್ತು ಅವಳಿಗೂ ಗೊತ್ತಾಯಿತು.

ಹೊಸ ಜಾಗವನ್ನು ಅವಳೇ ಗೊತ್ತುಮಾಡಿದಳು. ಆದರೆ ಸಾಗಿಸಲು ವೇದಿಕೆಯ ಮೂಲ ಪಾಸ್‌ವರ್ಡ್ ಬೇಕು. ಅಪ್ಪನ ಹಳೆಯದನ್ನು ಅವನೇ ಬದಲಾಯಿಸಿದ್ದ, ಹೊಸದು ಇರುವುದು ಅವನ ಪೆಟ್ಟಿಗೆಯಲ್ಲಿ. ಫೋನ್ ಮಾಡಿ ಕೇಳುವುದಾ? ಸತ್ತರೂ ಇಲ್ಲ.

ಮರುದಿನ, ಶುಕ್ರವಾರ, ಬೆಳಿಗ್ಗೆ ಹನ್ನೊಂದಕ್ಕೆ ತನ್ನ ಪಾಸ್‌ವರ್ಡ್ ಮ್ಯಾನೇಜರ್ ತೆರೆದಳು. ಮೂಲೆಯಲ್ಲಿ ಒಂದು ಸಾಲಿತ್ತು: ‘ಆಪತ್ತಿಗೆ ನಿಮ್ಮನ್ನು ನಂಬಿದವರು: ಒಬ್ಬರು.’

ತೆಗೆದುಹಾಕಿಲ್ಲ. ವೇದಿಕೆಯಿಂದ ತೆಗೆದವನು ಇಲ್ಲಿಂದ ಯಾಕೆ ತೆಗೆದಿಲ್ಲ? ಮರೆತಿದ್ದಾನಾ? ‘ಪ್ರವೇಶ ಕೇಳಿ’ ಎಂಬುದನ್ನು ಒತ್ತಿದಳು. ‘ಕಾಯುವ ಅವಧಿ: ಏಳು ದಿನ’ ಎಂದು ಬಂತು.

ಅಲ್ಲಿಂದ ಶುರುವಾಯಿತು ನೋಡಿ ಅವಳ ಪಾಡು.

ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ಗಂಟೆಗೆ ನಾಲ್ಕು ಸಲ ಫೋನ್ ನೋಡುವಳು. ಅವನು ಬೇಡ ಎಂದು ಒತ್ತಿದರೆ ಕೆಂಪು ಅಕ್ಷರದಲ್ಲಿ ಬರುತ್ತದೆ, ಸರಿ ಎಂದು ಒತ್ತಿದರೆ ತಕ್ಷಣ ತೆರೆಯುತ್ತದೆ. ಎರಡೂ ಇಲ್ಲ. ‘ಆರು ದಿನ ಉಳಿದಿದೆ.’ ‘ಐದು ದಿನ ಉಳಿದಿದೆ.’ ಬೇಡ ಅನ್ನಲಿ, ಬೈದು ಸುಮ್ಮನಾಗುತ್ತೇನೆ. ಈ ಮೌನವನ್ನು ಏನೆಂದು ಬೈಯಲಿ?

ಮೂರನೇ ದಿನ ಒಬ್ಬರ ಯಂತ್ರಕ್ಕೆ ಇನ್ನೊಬ್ಬರ ಬೆಲ್ಟು ಹಾಕಿ ಕಳಿಸಿದಳು. ನಾಲ್ಕನೇ ದಿನ ದಾರ ಸುತ್ತುವ ಬಾಬಿನ್‌ಗಳ ಡಬ್ಬ ಕೈಜಾರಿ, ಬಾಬಿನ್‌ಗಳು ಅಂಗಡಿಯಿಡೀ ಉರುಳಿದವು. ಹೆಕ್ಕುತ್ತಾ ಹೆಕ್ಕುತ್ತಾ ನೆಲದ ಮೇಲೇ ಕುಳಿತುಬಿಟ್ಟಳು. ಅಪ್ಪ ಸ್ಲೇಟು ಕೆಳಗಿಳಿಸಿ ಅವಳ ಮುಖದ ಮುಂದೆ ಹಿಡಿದರು: ‘ಕಾಲಿಗೆ ಚಕ್ರ ಕಟ್ಟಿಕೊಂಡಿದ್ದೀಯಲ್ಲ, ಯಾರಿಗೋಸ್ಕರ?’

ಅವಳು ಸ್ಲೇಟನ್ನು ಒರೆಸಿ ವಾಪಸ್ಸು ಕೊಟ್ಟಳು. ಅಪ್ಪ ಮತ್ತೆ ಕೇಳಲಿಲ್ಲ. ಕೇಳದಿರುವುದರಲ್ಲೂ ಅವರು ಜಾಣರು.

ಏಳನೇ ದಿನ, ಶುಕ್ರವಾರ, ಹತ್ತೂವರೆಯಿಂದಲೇ ಮೊಬೈಲ್ ಮುಂದೆ ಕುಳಿತಳು. ಈಗ ಬೇಡ ಅಂತಾನೆ, ಈಗ ಅಂತಾನೆ... ಹನ್ನೊಂದಾಯಿತು. ಪೆಟ್ಟಿಗೆ ತೆರೆಯಿತು.

ಮೂಲ ಪಾಸ್‌ವರ್ಡ್ ಹಾಕಿ ವೇದಿಕೆಯ ಒಳಗೆ ಹೋದಳು. ಮೊದಲು ಮಾಡಿದ ಕೆಲಸ, ‘ಸೂಜಿ’ಯ ತಡೆ ತೆಗೆದದ್ದು. ಸಾಗಿಸುವ ಕೆಲಸಕ್ಕೆ ಅದು ಬೇಕಿರಲಿಲ್ಲ, ಹಟಕ್ಕೆ ಬೇಕಿತ್ತು. ಆಮೇಲೆ ತನ್ನ ಹೆಸರಿನಲ್ಲೇ ಒಳಗೆ ಬಂದಳು.

ಅಲ್ಲಿ ಅವಳ ಪತ್ರಪೆಟ್ಟಿಗೆಯಲ್ಲಿ ಒಂದು ಪತ್ರವಿತ್ತು. ‘ಓದಿಲ್ಲ’ ಎಂಬ ಗುರುತಿನೊಂದಿಗೆ. ಅವಳನ್ನು ಹೊರಹಾಕಿದ ದಿನದ ಪತ್ರ.

‘ಕೋಪ ಮಾಡ್ಕೋಬೇಡಿ. ಈಗ ನೀವು ಹಾಕಿದ ಫೋಟೋದಲ್ಲಿ ಯಂತ್ರದ ಹಿಂದೆ ಅಪ್ಪನ ಸ್ಲೇಟು ಇದೆ. ಸ್ಲೇಟಿನ ಮೇಲೆ ನಿಮ್ಮ ಐದು ಪದ ಇವೆ. ಹನ್ನೊಂದು ನಿಮಿಷ ಇತ್ತು, ತೆಗೆದಿದ್ದೀನಿ. ಯಾರಾದ್ರೂ ನೋಡಿದ್ದರೆ ನಿಮ್ಮ ಹೆಸರಲ್ಲಿ ಒಳಗೆ ಬರಬಾರದು ಅಂತ ಖಾತೆ ತಡೆದೆ. ಐದೂ ಪದ ಬದಲಾಯಿಸಿ ನಂಗೆ ಒಂದು ಸಾಲು ಬರೀರಿ, ತಕ್ಷಣ ಸರಿಮಾಡ್ತೀನಿ. ನೀವು ಎಡವಿದ್ದು ಯಾರಿಗೂ ಗೊತ್ತಾಗಬೇಕಿಲ್ಲ, ಅಪ್ಪನಿಗೂ.

ನಿನ್ನೆ ನೀವು ಹೇಳಿದ್ದು ನಿಜ, ಇದು ನಂದಲ್ಲ. ಆದ್ರೆ ನಿಮ್ಮಂಗಡಿಯಿಂದ ಹೋದ ಮೇಲೂ ಅಂಗಿಯಲ್ಲಿ ಯಂತ್ರದ ಎಣ್ಣೆ ವಾಸನೆ ಇರತ್ತೆ, ಅದನ್ನ ಒಗೆಯೋಕೆ ಮನಸ್ಸು ಬರಲ್ಲ. ನಿಮ್ಮನ್ನ ಪ್ರೀತಿಸ್ತೀನಿ. ಇದಕ್ಕೆ ಉತ್ತರ ಬರೀಲೇಬೇಕು ಅಂತಿಲ್ಲ. ನೀವು ಸುಮ್ಮನಿದ್ರೆ ನಂಗೆ ಅರ್ಥ ಆಗತ್ತೆ.’

ಅವಳು ಸುಮ್ಮನಿದ್ದಳು. ನಲವತ್ತೊಂದು ದಿನ.

ಅವಸರದಲ್ಲಿ ಅವನು ಅವಳನ್ನು ಹೊರಗೆ ಹಾಕಿ, ಯಾಕೆ ಹಾಕಿದೆ ಎಂಬ ಪತ್ರವನ್ನು ಒಳಗಿಟ್ಟಿದ್ದ. ಊರಿಗೆಲ್ಲ ಬೀಗದ ಪಾಠ ಹೇಳುವವನು! ಆಮೇಲೆ ಫೋನ್ ಮಾಡಿರುತ್ತಾನೆ, ಅವಳು ಬ್ಲಾಕ್ ಮಾಡಿದ್ದರಿಂದ ಅದು ಹೋಗಿರುವುದಿಲ್ಲ. ಅದನ್ನೇ ಉತ್ತರ ಅಂದುಕೊಂಡಿದ್ದಾನೆ.

ಅವಳು ನಗುತ್ತಿದ್ದಾಳೋ ಅಳುತ್ತಿದ್ದಾಳೋ ಅಪ್ಪನಿಗೆ ತಿಳಿಯಲಿಲ್ಲ. ಮೊಬೈಲನ್ನೇ ಅವರ ಕೈಗಿಟ್ಟಳು. ಅಪ್ಪ ಓದಿದರು, ಕನ್ನಡಕ ತೆಗೆದು ಮತ್ತೆ ಹಾಕಿಕೊಂಡು ಇನ್ನೊಮ್ಮೆ ಓದಿದರು. ಆಮೇಲೆ ಸೀಮೆಸುಣ್ಣ ಎತ್ತಿಕೊಂಡರು.

‘ಮೊದಲು ಐದು ಪದ ಬದಲಾಯಿಸು. ಆಮೇಲೆ ಬಸ್ಸು ಹತ್ತು. ಅಂಗಡಿ ನಾನು ನೋಡ್ಕೋತೀನಿ.’

ಎರಡು ಬಸ್ಸು ಬದಲಾಯಿಸಿ ಅವಳು ಆ ಶಾಖೆ ಮುಟ್ಟಿದಾಗ ಅವನು ಪಾಠ ಮಾಡುತ್ತಿದ್ದ. ಸುಮ್ಮನೆ ಹೋಗಿ ಮೂರನೇ ಸಾಲಿನಲ್ಲಿ ಕುಳಿತಳು. ಅವಳನ್ನು ಕಂಡು ಅವನ ವಾಕ್ಯ ಅರ್ಧಕ್ಕೆ ನಿಂತಿತು. ಅವಳು ಕೈ ಎತ್ತಿದಳು.

“ಒಂದು ಸಂದೇಹ. ಮನೆಗೆ ಬೀಗ ಹಾಕಿ, ಯಾಕೆ ಹಾಕಿದೆ ಅನ್ನೋ ಚೀಟಿಯನ್ನ ಮನೆ ಒಳಗೇ ಇಟ್ಟು ಹೋದೋರನ್ನ ಏನಂತಾರೆ?”

ಎಲ್ಲರೂ ನಕ್ಕರು. ಅವನು ನಗಲಿಲ್ಲ. ಅರ್ಥವಾಗುತ್ತಾ ಆಗುತ್ತಾ ಅವನ ಮುಖದ ಬಣ್ಣ ಇಳಿಯಿತು. ಮೇಜು ಹಿಡಿದುಕೊಂಡ.

“ನೀವು ಓದೇ ಇರಲಿಲ್ವಾ?” ಎಂದ ಮೆಲ್ಲಗೆ.

“ಇವತ್ತು ಓದಿದೆ.”

ಆ ದಿನದ ತರಗತಿ ಬೇಗ ಮುಗಿಯಿತು.

ಮಧ್ಯಾಹ್ನವಿಡೀ ಇಬ್ಬರೂ ಪಕ್ಕಪಕ್ಕ ಕುಳಿತು ವೇದಿಕೆಯನ್ನು ಹೊಸ ಜಾಗಕ್ಕೆ ಸಾಗಿಸಿದರು. ಅಪ್ಪನ ಉತ್ತರಗಳು ವರ್ಷವಾರು ಬಂದು ಕೂರುತ್ತಿದ್ದವು. ಅವಳು ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು, ಸರಿ ಅಂತಲೂ ಒತ್ತಲಿಲ್ಲ, ಬೇಡ ಅಂತಲೂ ಒತ್ತಲಿಲ್ಲ, ಏಳು ದಿನ ನನ್ನ ಜೀವ ತೆಗೆದಿದ್ದು ಯಾಕೆ ಎಂದು.

“ಬೇಡ ಅನ್ನೋಕೆ ಮನಸ್ಸಿರಲಿಲ್ಲ. ಸರಿ ಅಂದ್ರೆ ನೀವು ಬೇಕಾದ್ದು ತಗೊಂಡು ಹೋಗಿಬಿಡ್ತಿದ್ರಿ. ಏಳು ದಿನ ನೀವು ನನ್ನ ಬಾಗಿಲಲ್ಲಿ ನಿಂತಿದ್ದೀರಿ ಅನ್ಕೊಂಡೆ. ನಂಗೆ ಸಿಗೋದು ಅಷ್ಟೇ ಅಂತ ತಿಳ್ಕೊಂಡಿದ್ದೆ. ಭಾನುವಾರದ ಸೂಚನೆ ಗೊತ್ತಿತ್ತು, ಅದಕ್ಕೆ ಮುಂಚೆ ತೆರೆಯತ್ತೆ ಅಂತ ಲೆಕ್ಕ ಹಾಕಿದ್ದೆ.”

ಅವಳಿಗೆ ಬೈಯಬೇಕೆನ್ನಿಸಿತು. ಬೈಯುವ ಬದಲು ತನ್ನ ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡಳು.

ಸಂಜೆಯ ಹೊತ್ತಿಗೆ ಸಾಗಾಟ ಮುಗಿಯಿತು. ಎರಡೇ ನಿಮಿಷದಲ್ಲಿ ಹೊಸ ಜಾಗದಲ್ಲಿ ಮೊದಲ ಮಾತು ಬಂತು, ಅಪ್ಪನದು: ‘ಎಲ್ಲರೂ ಬಂದ್ರಾ? ದಾರ ಗಂಟಾದವರು ಮೊದಲು ಹೇಳಿ.’

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಅವಳು ತನ್ನ ಪಾಸ್‌ವರ್ಡ್ ಮ್ಯಾನೇಜರ್ ತೆರೆದು, ‘ಆಪತ್ತಿಗೆ ನಂಬಿದವರು’ ಎಂಬ ಕಡೆ ಅವನನ್ನು ಸೇರಿಸಿದಳು. ಎಷ್ಟು ದಿನ ಕಾಯಬೇಕು ಎಂದು ಅದು ಕೇಳಿತು. ಏಳು, ಮೂರು, ಒಂದು. ಎಲ್ಲಕ್ಕಿಂತ ಕೆಳಗೆ ‘ಕಾಯುವುದು ಬೇಡ’ ಎಂದಿತ್ತು. ಅವಳು ಅದನ್ನು ಒತ್ತಿದಳು.

“ಸುಮ್ಮನೆ ಕೇಳೋರು ಕಾಯಲ್ಲ ಅಂದಿದ್ದು ನೀನೇ ಅಲ್ವಾ?” ಎಂದಳು. “ನಾನು ಕಾದೆ. ನೀನು ಕಾಯಬೇಡ.”

ಅವಳ ಬಾಯಲ್ಲಿ ಮೊದಲ ಸಲ ಬಂದ ‘ನೀನು’ ಕೇಳಿ ಅವನಿಗೆ ಮತ್ತೆ ಮಾತು ತಡವರಿಸಿತು. ಫೋನ್ ತೆಗೆದು ‘ಪ್ರವೇಶ ಕೇಳಿ’ ಎಂಬುದನ್ನು ಒತ್ತಿದ. ಅವಳ ಕೈಯಲ್ಲಿದ್ದ ಮೊಬೈಲ್ ಸಣ್ಣಗೆ ಮಿಡಿಯಿತು.

“ಈಗ ಕೇಳ್ತಿದ್ದೀನಿ,” ಎಂದ.

ಅವಳು ಎಣ್ಣೆ ವಾಸನೆಯ ತನ್ನ ಕೈಯನ್ನು ಅವನ ಕೈ ಮೇಲಿಟ್ಟಳು.

“ಆಗಲೇ ತೆರೆದಿದೆ, ನೋಡು.”